ಆ ಮುದುಕಿ ಕೇಳಿದಾಗ ನಾನು ‘ಆಗಲಿ’ ಅಂದುಬಿಟ್ಟೆ

ಮೇಡಂ,

ನನ್ನ ಹೆಸರು ಹಾಕಬೇಡಿ, ಅರಸೀಕೆರೆಯಿಂದ ಅಂತ ಮಾತ್ರ ಇರಲಿ. ವಯಸ್ಸು 31. ತವರು ಹಳೇಬೀಡು. ಇತಿಹಾಸದಲ್ಲಿ ಎಂ.ಎ. ಮಾಡಿ ಬೇಲೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ. ಮಗಳಿಗೆ ಈಗ ಹತ್ತು ತಿಂಗಳು. ತವರಲ್ಲಿ ಐದು ತಿಂಗಳು ಬಾಣಂತನ ಮುಗಿಸಿಕೊಂಡು ಬಂದ ಮೇಲೆ ಕೆಲಸಕ್ಕೆ ಹೋಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹಾಗೇ ನಿಂತುಹೋಯಿತು.

ಹೋದ ತಿಂಗಳು ಒಂದು ರಾತ್ರಿ ಮಗುವಿಗೆ ಹಾಲು ಕುಡಿಸುತ್ತಾ ಫೋನಿನಲ್ಲಿ ಒಂದು ಕಿರುಚಿತ್ರ ನೋಡಿದೆ. ದೆವ್ವದ ಸಿನಿಮಾ, ಹದಿನೈದು ನಿಮಿಷವೂ ಇಲ್ಲ. ಅದರಲ್ಲಿ ನನ್ನ ಹಾಗೇ ಒಬ್ಬಳು, ಮಗು ಅಳುತ್ತಲೇ ಇರುತ್ತದೆ. ಮಳೆಯಲ್ಲಿ ಒಬ್ಬ ಮುದುಕಿ ಬಂದು ಜಗಲಿ ಮೇಲೆ ಕೂರುತ್ತಾಳೆ. ‘ಮಗುವನ್ನು ನನಗೆ ಕೊಡು, ನಿನ್ನ ಹಳೇ ಬದುಕು ವಾಪಸ್ ಕೊಡುತ್ತೇನೆ. ಮಗುವಿಗೆ ನೋವಾಗಲ್ಲ, ಅದು ಹುಟ್ಟೇ ಇರುವುದಿಲ್ಲ. ನಿನಗೆ ನೆನಪೂ ಇರುವುದಿಲ್ಲ’ ಅನ್ನುತ್ತಾಳೆ. ಸಿನಿಮಾದವಳು ಬಾಯಿ ತೆರೆಯುವ ಮುಂಚೆ ನಾನು ಮನಸ್ಸಿನಲ್ಲೇ ‘ಆಗಲಿ’ ಅಂದುಬಿಟ್ಟೆ. ಆಗ ಮಗಳು ನನ್ನ ಎದೆಗೆ ಬಾಯಿಟ್ಟುಕೊಂಡೇ ನಿದ್ದೆ ಹೋಗಿದ್ದಳು. ಕೊನೆಯಲ್ಲಿ ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಆಫೀಸಿಗೆ ಹೊರಟಿರುತ್ತಾಳೆ. ಬಸ್ಸಿನಲ್ಲಿ ಬೇರೆ ಯಾರದೋ ಮಗು ಅಳುತ್ತದೆ, ಇವಳ ರವಿಕೆ ಹಾಲಿನಿಂದ ಒದ್ದೆಯಾಗುತ್ತದೆ. ಯಾಕೆ ಅಂತ ಅವಳಿಗೇ ಗೊತ್ತಾಗುವುದಿಲ್ಲ.

ಆವತ್ತಿನಿಂದ ನಿದ್ದೆ ಇಲ್ಲ. ಮಗು ಉಸಿರಾಡುತ್ತಿದೆಯಾ ಅಂತ ಎದ್ದೆದ್ದು ನೋಡುತ್ತೇನೆ. ಈಳಿಗೆಮಣೆ ಕಂಡರೆ ಕೆಟ್ಟ ಕೆಟ್ಟದ್ದೆಲ್ಲ ಕಣ್ಣ ಮುಂದೆ ಬರುತ್ತೆ ಅಂತ ಅದನ್ನು ಅಟ್ಟಕ್ಕೆ ಹಾಕಿದ್ದೇನೆ. ಮಗುವನ್ನೆತ್ತಿಕೊಂಡು ತಾರಸಿಗೆ ಹೋಗಲ್ಲ. ರಾತ್ರಿ ರೈಲ್ವೆ ಜಂಕ್ಷನ್ನಿನ ಅನೌನ್ಸ್‌ಮೆಂಟ್ ಮನೆಗೆ ಕೇಳುತ್ತೆ. ಹುಬ್ಬಳ್ಳಿ ಕಡೆ ಹೋಗೋದು, ಮೈಸೂರು ಕಡೆ ಹೋಗೋದು. ಎದ್ದು ಹೋಗಿಬಿಡೋಣ ಅನ್ನಿಸುತ್ತೆ. ಯಜಮಾನರು ಒಳ್ಳೆಯವರು, ‘ನಿನಗೇನು ಕಡಿಮೆಯಾಗಿದೆ’ ಅಂತಾರೆ. ಅತ್ತೆ ದೃಷ್ಟಿ ತೆಗೆಸಿ ತಾಯತ ಕಟ್ಟಿಸಿದರು. ಪ್ರಾಯಶ್ಚಿತ್ತಕ್ಕೆ ಅಂತ ಮಾಲೇಕಲ್ಲು ತಿರುಪತಿ ಬೆಟ್ಟವನ್ನು ಉಪವಾಸವಿದ್ದು ಬರಿಗಾಲಲ್ಲಿ ಹತ್ತುವ ಹರಕೆ ಹೊತ್ತಿದ್ದೇನೆ. ಡಾಕ್ಟರ ಹತ್ತಿರ ಹೇಳಿದರೆ ಹುಚ್ಚಿ ಅಂತ ಮಗುವನ್ನು ಕಿತ್ತುಕೊಳ್ಳುತ್ತಾರಾ? ತಾಯಿಯಾಗಿದ್ದೇ ತಪ್ಪಾಯಿತು ಅನ್ನಿಸುತ್ತೆ. ಹಾಗಂತ ಅವಳನ್ನು ಬಿಟ್ಟು ಒಂದು ಗಂಟೆ ಇರಲಾರೆ. ನಾನು ಎಂಥ ಹೆಂಗಸು?

— ಒಬ್ಬ ತಾಯಿ, ಅರಸೀಕೆರೆ

*

ಮಿಕ್ಕ ಮಾತಿಗೆ ಮುಂಚೆ ಒಂದು ಪ್ರಶ್ನೆ ಇದೆ. ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ರೈಲಿನ ಸದ್ದು ಕೇಳಿದಾಗ ಎದ್ದು ಹೋಗಿಬಿಡೋಣ ಅನ್ನಿಸುತ್ತದೆ ಎಂದಿರಿ. ಹೋಗಿ ಎಲ್ಲಿಗೆ? ಟಿಕೆಟ್ ತೆಗೆದುಕೊಂಡು ಒಂದೆರಡು ದಿನ ಎಲ್ಲಾದರೂ ಇದ್ದು ಬರುವ ಆಸೆಯೋ, ಅಥವಾ ಬದುಕೇ ಬೇಡ ಅನ್ನುವ ಯೋಚನೆಯೋ? ಎರಡನೆಯದಾಗಿದ್ದರೆ ಈ ಉತ್ತರ ಓದಿ ಮುಗಿಸುವವರೆಗೂ ಕಾಯಬೇಡಿ. ಪಕ್ಕದಲ್ಲಿರುವವರನ್ನು ಎಬ್ಬಿಸಿ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲನೆಯದಾಗಿದ್ದರೆ ಗಾಬರಿ ಬೇಡ. ಹತ್ತು ತಿಂಗಳಿಂದ ನೆಟ್ಟಗೆ ನಿದ್ದೆ ಕಾಣದವರಿಗೆ ಆ ಆಸೆ ಬರದಿದ್ದರೇ ಆಶ್ಚರ್ಯ.

ನೀವು ನೋಡಿದ ಚಿತ್ರವನ್ನು ನಾನು ನೋಡಿಲ್ಲ, ನೀವು ಹೇಳಿದಷ್ಟೇ ಗೊತ್ತು. ಅಷ್ಟರಿಂದಲೇ ಹೇಳುವುದಾದರೆ ಮಾಡಿದವರು ಜಾಣರು. ಆ ಮುದುಕಿ ಆಡುವ ಮಾತನ್ನು ಇನ್ನೊಂದು ಸಲ ಓದಿ. ಮಗುವಿಗೆ ನೋವಾಗುತ್ತದೆ ಎಂದಿದ್ದರೆ ನೀವು ‘ಆಗಲಿ’ ಎನ್ನುತ್ತಿರಲಿಲ್ಲ, ಫೋನನ್ನೇ ಎಸೆಯುತ್ತಿದ್ದಿರಿ. ಅದು ಗೊತ್ತಿದ್ದೇ ಅವಳು ಮೊದಲು ಮಗುವಿನ ನೋವನ್ನು ತೆಗೆದುಹಾಕುತ್ತಾಳೆ, ಆಮೇಲೆ ನಿಮ್ಮ ನೆನಪನ್ನು. ಉಳಿಯುವುದೇನು? ನಿದ್ದೆ, ಸಂಬಳ, ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಮಕ್ಕಳು, ಬೇಲೂರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ನೀವು ‘ಆಗಲಿ’ ಅಂದದ್ದು ಅದಕ್ಕೆ.

ಮಾರುಕಟ್ಟೆಯಲ್ಲಿ ಕೊಬ್ಬರಿ ಲಾಟು ಲಾಟಾಗಿ ಹರಾಜಾಗುವುದು ನಿಮ್ಮ ಮನೆಯವರಿಗೆ ಗೊತ್ತು. ಒಳ್ಳೆಯದನ್ನು ಆರಿಸಿಕೊಂಡು ಮಿಕ್ಕದ್ದು ಬೇಡ ಎನ್ನುವ ಹಾಗಿಲ್ಲ, ತೆಗೆದುಕೊಂಡರೆ ಇಡೀ ಲಾಟು. ಮುದುಕಿಯೂ ಹಾಗೇ ನಿಮ್ಮ ಸುಸ್ತನ್ನೂ ನಿಮ್ಮ ಮಗಳನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಹೊಲಿದು ತಂದಿದ್ದಾಳೆ. ಭಯ ಪಡಬೇಕಾದದ್ದು ಆ ಹೊಲಿಗೆಗೆ. ಚೀಲ ಬಿಚ್ಚಿ ನೋಡಿದರೆ ನಿಮಗೆ ಬೇಕಾದ ಒಂದೊಂದನ್ನೂ ಮಗಳನ್ನು ಯಾರಿಗೂ ಕೊಡದೆಯೇ ಕೇಳಬಹುದು. ಕೇಳಬೇಕಾದದ್ದು ಜಗಲಿಯ ಮುದುಕಿಯನ್ನಲ್ಲ, ನಿಮ್ಮ ಮನೆಯವರನ್ನು. ಇನ್ನೊಂದು ವಿಷಯ ನಿಮ್ಮ ಗಮನಕ್ಕೆ ಬಂತೋ ಇಲ್ಲವೋ. ದೆವ್ವವಾದರೂ ಸರಿ, ಅವಳು ಆ ಹೆಂಗಸನ್ನು ಕೇಳಿದಳು. ನಿಮ್ಮ ಕೆಲಸ ಹೋದದ್ದು ಹೇಗೆ? ‘ಯಾರೂ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ’ ಎಂದು ನೀವೇ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಅದು. ಅಷ್ಟು ದೊಡ್ಡ ಕೊಡು-ಕೊಳ್ಳುವಿಕೆ ನಿಮ್ಮ ಮನೆಯಲ್ಲಿ ಮಾತೇ ಇಲ್ಲದೆ ನಡೆದುಹೋಗಿದೆ.

ಅದೇ ಮುದುಕಿಯ ಪ್ರಶ್ನೆಯನ್ನು ದೆವ್ವ ಭೂತ ಏನೂ ಇಲ್ಲದೆ, ಎದುರಿಗೆ ಕೂತು ಕೇಳಿದವರೊಬ್ಬರಿದ್ದಾರೆ. ಇಸ್ರೇಲಿನ ಸಮಾಜಶಾಸ್ತ್ರಜ್ಞೆ ಓರ್ನಾ ಡೊನಾತ್. ಈಗ ತಿಳಿದಿರುವುದೆಲ್ಲ ಆಗಲೇ ತಿಳಿದಿದ್ದು, ಕಾಲ ಹಿಂದಕ್ಕೆ ಹೋದರೆ ಮತ್ತೆ ತಾಯಿಯಾಗುತ್ತೀರಾ ಎಂದು ಅವರು ಕೇಳಿದರು. ಇಲ್ಲ ಎಂದ 23 ತಾಯಂದಿರ ಮಾತುಗಳನ್ನು ಇಟ್ಟುಕೊಂಡು 2015ರಲ್ಲಿ ಲೇಖನ ಪ್ರಕಟಿಸಿದರು. ಆ ಗುಂಪಿನಲ್ಲಿ ಮೊಮ್ಮಕ್ಕಳನ್ನು ಕಂಡ ಅಜ್ಜಿಯರೂ ಇದ್ದರು. ಜರ್ಮನಿಯಲ್ಲಿ ಅದರ ಮೇಲೆ ತಿಂಗಳುಗಟ್ಟಲೆ ಜಗಳವೇ ನಡೆಯಿತು. ನಿಮಗೆ ಬೇಕಾದ ಸಂಗತಿ ಇಷ್ಟು: ಅವರಲ್ಲಿ ಹೆಚ್ಚಿನವರು ಮಕ್ಕಳ ಮೇಲಿನ ಪ್ರೀತಿಯನ್ನೂ ತಾಯ್ತನದ ಬಗೆಗಿನ ಪಶ್ಚಾತ್ತಾಪವನ್ನೂ ಬೇರೆ ಬೇರೆಯಾಗಿಯೇ ಇಟ್ಟು ಮಾತಾಡಿದರು. ಮಗು ಬೇಕು, ಈ ಕೆಲಸ ಬೇಡವಾಗಿತ್ತು ಎನ್ನುವುದು ಒಂದೇ ಬಾಯಿಂದ ಬರುವ ಮಾತೇ. ನೀವು ಕಡೆಯಲ್ಲಿ ಬರೆದ ಎರಡು ವಾಕ್ಯಗಳೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ.

ಆದರೆ ನಿಮ್ಮದು ಪಶ್ಚಾತ್ತಾಪವೇ ಎಂದು ಈಗಲೇ ತೀರ್ಮಾನ ಮಾಡಲು ನಾನು ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲಿ ಬೇರೆ ಬೇರೆ ಸಂಗತಿಗಳು ಕಲೆಸಿಹೋಗಿವೆ. ನಿದ್ದೆ ಕೆಟ್ಟಿದೆ, ತಪ್ಪಿತಸ್ಥೆ ಎನ್ನುವ ಭಾವ ಹಗಲೂ ರಾತ್ರಿ ಕಾಡುತ್ತಿದೆ. ಇದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ನಮ್ಮ ದೇಶದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದಾಗ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 22 ಮಂದಿಗೆ ಅದು ಕಂಡಿತ್ತು. ಅದನ್ನು ಪತ್ತೆ ಮಾಡಲು ಜಗತ್ತಿನೆಲ್ಲೆಡೆ ಬಳಸುವ ಪ್ರಶ್ನಾವಳಿಯೊಂದಿದೆ, 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ್ದು, ಕನ್ನಡದಲ್ಲೂ ಬಳಕೆಯಲ್ಲಿದೆ. ಹತ್ತೇ ಪ್ರಶ್ನೆ. ಕಳೆದ ಏಳು ದಿನಗಳಲ್ಲಿ ನಗು ಬಂತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ತಪ್ಪಾದಾಗೆಲ್ಲ ನಿಮ್ಮನ್ನೇ ದೂರಿಕೊಂಡಿರಾ, ಅತ್ತಿರಾ, ನಿಮಗೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂತೇ ಎಂದು ಹೀಗೆ ಸಾಗುತ್ತದೆ. ಆ ಹತ್ತರಲ್ಲಿ ‘ನೀವು ಮಗುವನ್ನು ಪ್ರೀತಿಸುತ್ತೀರಾ’ ಎಂಬ ಪ್ರಶ್ನೆಯೇ ಇಲ್ಲ. ಖಿನ್ನತೆಗೂ ಪ್ರೀತಿಗೂ ಲೆಕ್ಕ ಬೇರೆ ಎಂದು ಅದನ್ನು ಮಾಡಿದವರಿಗೆ ಗೊತ್ತಿತ್ತು.

ಈಗ ಈಳಿಗೆಮಣೆಯ ವಿಷಯ. (ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಈಳಿಗೆಮಣೆ ಅಟ್ಟ ಹತ್ತಿ ಕೂತರೆ ಅತ್ತೆಯವರಿಗೆ ದೃಷ್ಟಿಯ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ ಬಿಡಿ.) ಕೂಸು ಕೈ ಜಾರಿದರೆ, ತಾರಸಿಯಿಂದ ಬಿದ್ದರೆ, ನಾನೇ ಏನಾದರೂ ಮಾಡಿಬಿಟ್ಟರೆ ಎಂಬ ಚಿತ್ರಗಳು ಬಾಣಂತಿಯರ ತಲೆಗೆ ಕರೆಯದೇ ಬರುತ್ತವೆ. ಕೆನಡಾದಲ್ಲಿ ಹೊಸ ತಾಯಂದಿರನ್ನು ವಿಚಾರಿಸಿದಾಗ ಸರಿಸುಮಾರು ಅರ್ಧದಷ್ಟು ಮಂದಿ, ಬೇಕೆಂದೇ ಮಗುವಿಗೆ ಕೆಡುಕು ಮಾಡುವಂಥ ಚಿತ್ರಗಳೂ ಬಂದಿದ್ದವು ಎಂದು ಒಪ್ಪಿಕೊಂಡಿದ್ದರು. ನನ್ನ ಮುಂದೆ ಕೂತು ಇದನ್ನು ಹೇಳಿದವರೆಲ್ಲ ಮೊದಲು ಬಾಗಿಲು ಹಾಕಿದೆಯಾ ಎಂದು ತಿರುಗಿ ನೋಡಿದವರೇ. ಆ ಚಿತ್ರ ಬಂದಾಗ ನಿಮ್ಮ ಮೈ ನಡುಗಿತು, ಮಣೆ ಎತ್ತಿಟ್ಟಿರಿ. ನಿಮ್ಮ ಮನಸ್ಸು ಆ ಯೋಚನೆಯ ಪಕ್ಷದಲ್ಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಡ. ತೊಂದರೆ ಏನೆಂದರೆ ಎತ್ತಿಡುವುದು, ತಾರಸಿ ಬಿಡುವುದು, ರಾತ್ರಿ ಎಂಟು ಸಲ ಎದ್ದು ಉಸಿರು ನೋಡುವುದು ಇವುಗಳಿಂದ ಭಯ ಇಳಿಯುವುದಿಲ್ಲ, ಬೆಳೆಯುತ್ತದೆ. ಮಣೆಯನ್ನು ಕೆಳಗಿಳಿಸಿ. ಮೊದಲು ಅತ್ತೆ ಜೊತೆಗಿದ್ದಾಗ ಒಂದು ಹೋಳು ಕಾಯಿ ತುರಿಯಿರಿ, ಆಮೇಲೆ ಒಬ್ಬರೇ. ಇದನ್ನು ಚಿಕಿತ್ಸಕರ ನೆರವಿನಿಂದ ಮಾಡಿದರೆ ಇನ್ನೂ ಸಲೀಸು.

ಯಾವಾಗ ಇದು ಬೇರೆಯೇ ಆಗುತ್ತದೆ ಎಂಬುದನ್ನೂ ಹೇಳಬೇಕು. ನಿಮಗಷ್ಟೇ ಅಲ್ಲ, ಈ ಪುಟ ಓದುವ ಎಲ್ಲ ಮನೆಗಳಿಗೂ. ಆ ಯೋಚನೆಗೆ ಹೆದರುವ ಬದಲು ಅದೇ ಸರಿ ಅನ್ನಿಸತೊಡಗಿದರೆ, ಯಾರೋ ಆಜ್ಞೆ ಮಾಡಿದ ಹಾಗೆ ದನಿ ಕೇಳಿದರೆ, ಇದು ನನ್ನ ಮಗುವೇ ಅಲ್ಲ ಅನ್ನಿಸಿದರೆ, ಎರಡು ಮೂರು ದಿನ ನಿದ್ದೆಯಿಲ್ಲದೆಯೂ ಸುಸ್ತೇ ಕಾಣದೆ ಓಡಾಡುತ್ತಿದ್ದರೆ, ಆ ದಿನವೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತಾಯಿ ಮಗು ಇಬ್ಬರನ್ನೇ ಬಿಡಬಾರದು. ಸಾವಿರ ಹೆರಿಗೆಗೆ ಒಂದೋ ಎರಡೋ ಹೀಗಾಗುತ್ತದೆ, ಬಹುಪಾಲು ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ನನಗೆ ಕಾಣಲಿಲ್ಲ. ಪತ್ರ ನೋಡಿ ಖಚಿತ ಹೇಳಲಾಗದು, ಅದಕ್ಕೇ ವೈದ್ಯರ ಹತ್ತಿರ ಹೋಗಿ ಎನ್ನುತ್ತಿದ್ದೇನೆ.

ಹುಚ್ಚಿ ಅಂತಾರೆ ಎಂಬ ನಿಮ್ಮ ಹೆದರಿಕೆ ಹುಟ್ಟಿದ್ದು ಎಲ್ಲಿ ಎಂದು ಕನ್ನಡದ ಹೆಂಗಸರಿಗೆ ಹೇಳಿಕೊಡಬೇಕಿಲ್ಲ. ನಿಮ್ಮ ತಾಯಿಯವರ ಕಾಲದವರೆಲ್ಲ ನೋಡಿ ಅತ್ತ ಸಿನಿಮಾ ‘ಶರಪಂಜರ’. ತ್ರಿವೇಣಿಯವರ ಕಾದಂಬರಿ, 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. ಕಥಾನಾಯಕಿ ಕಾವೇರಿಗೆ ಎರಡನೇ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ, ಚಿಕಿತ್ಸೆ ಪಡೆದು ಗುಣವಾಗಿ ಮನೆಗೂ ಬರುತ್ತಾಳೆ. ದೆವ್ವದ ಸಿನಿಮಾ ಶುರುವಾಗುವುದು ಅಲ್ಲಿಂದಾಚೆಗೆ. ಮನೆಯವರು, ನೆರೆಯವರು, ಗಂಡ, ಒಬ್ಬೊಬ್ಬರೂ ಅವಳನ್ನು ನೋಡುವ ನೋಟವೇ ಅವಳನ್ನು ಮತ್ತೆ ಕೆಡಿಸುತ್ತದೆ. ಕಾವೇರಿಯಾಗಿ ಕಲ್ಪನಾ ಮಾಡಿದ ಅಭಿನಯವನ್ನು ಹೊಗಳುತ್ತಾ ನಾವು ಆ ಗಂಡನ ಮನೆಯನ್ನು ಮರೆತೆವು. ಮನಸ್ಸಿನ ಕಾಯಿಲೆಯ ಬಗ್ಗೆ ಅಷ್ಟು ಬರೆದ ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಸಿನಿಮಾ ನೋಡಲು ಅವರಿರಲಿಲ್ಲ.

ಅಲ್ಲಿಂದೀಚೆಗೆ ಕೆಲವು ಬದಲಾಗಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಒಟ್ಟಿಗೇ ದಾಖಲಾಗುವ ವಾರ್ಡ್ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಎನ್ನುತ್ತದೆ. ತಾಯಿಯಿಂದ ಮಗುವಿಗೆ ಅಪಾಯವಿದೆ ಎಂದು ವೈದ್ಯರಿಗೆ ಅನ್ನಿಸಿದರೆ ಮಾತ್ರ, ಅದೂ ಸ್ವಲ್ಪ ಕಾಲಕ್ಕೆ, ಬೇರೆ ಇಡಬಹುದು. ನಿಮ್ಮಂಥವರಿಗೆ ವಾರ್ಡಿನ ಅಗತ್ಯವೇ ಬೀಳುವುದು ಅಪರೂಪ. ಮಾತಿನ ಚಿಕಿತ್ಸೆ, ಬೇಕಾದರೆ ಮಾತ್ರೆ, ಮನೆಯಿಂದಲೇ ಹೋಗಿ ಬರುವುದು. ಹಾಲೂಡಿಸುತ್ತಿದ್ದೇನೆ ಎಂದು ಮೊದಲೇ ಹೇಳಿ, ಹಾಲೂಡಿಸುವವರಿಗೂ ಕೊಡಬಹುದಾದ ಮಾತ್ರೆಗಳಿವೆ.

ನಿಮ್ಮದೇ ಜಿಲ್ಲೆಯ ಇನ್ನೊಬ್ಬರನ್ನು ಹೇಳುತ್ತೇನೆ. ಹಾಸನದ ಲೇಖಕಿ ಬಾನು ಮುಷ್ತಾಕ್. ‘ಎದೆಯ ಹಣತೆ’ ಮೊದಲಾದ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅನುವಾದಕಿ ದೀಪಾ ಭಾಸ್ತಿಯವರ ಜೊತೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಹಾರ ಹಾಕಿದರು. ಆ ಸಂಭ್ರಮದಲ್ಲಿ ಕೆಲವರಷ್ಟೇ ಗಮನಿಸಿದ ವಿಷಯ, ಅವರು ಸಂದರ್ಶನಗಳಲ್ಲಿ ತಾವೇ ಹೇಳಿಕೊಂಡದ್ದು. ಪ್ರೀತಿಸಿ ಮದುವೆಯಾದ ಮೇಲೂ ಮನೆಯೊಳಗೇ ಉಳಿಯಬೇಕಾದ ದಿನಗಳಲ್ಲಿ, 29ನೇ ವಯಸ್ಸಿನಲ್ಲಿ, ಹೆರಿಗೆಯ ನಂತರದ ಖಿನ್ನತೆಗೆ ಸಿಕ್ಕಿ ಒಮ್ಮೆ ಜೀವ ತೆಗೆದುಕೊಳ್ಳುವ ಅಂಚಿಗೂ ಹೋಗಿದ್ದರು. ಪತಿ ಸಮಯಕ್ಕೆ ಸರಿಯಾಗಿ ಅರಿತು ತಡೆದರು, ಮಗುವನ್ನು ಅವರ ಕಾಲ ಬಳಿ ಇಟ್ಟು ನಮ್ಮನ್ನು ಬಿಟ್ಟುಹೋಗಬೇಡ ಎಂದು ಬೇಡಿಕೊಂಡರು. ಆಮೇಲೆ ಅವರು ಬರೆದರು, ವಕೀಲಿಕೆ ಮಾಡಿದರು, ಮಕ್ಕಳನ್ನೂ ಬೆಳೆಸಿದರು. ಎಲ್ಲರೂ ಬೂಕರ್ ತನಕ ಹೋಗಬೇಕಿಲ್ಲ. ಹಾಸನ ಜಿಲ್ಲೆಯ ಒಂದು ಮನೆಯಲ್ಲಿ, ನಿಮ್ಮ ವಯಸ್ಸಿಗಿಂತ ಎರಡು ವರ್ಷ ಚಿಕ್ಕವರಿದ್ದಾಗ, ಇಂಥದ್ದೇ ಕತ್ತಲಲ್ಲಿ ಒಬ್ಬರು ಕೂತಿದ್ದರು ಎನ್ನುವುದು ತಿಳಿದಿರಲಿ ಅಂತ ಹೇಳಿದೆ.

‘ಎಂಥ ಹೆಂಗಸು’ ಎಂದು ಕೇಳಿದಿರಲ್ಲ, ಅದಕ್ಕೆ ನೀವು ಪಾಠ ಮಾಡುತ್ತಿದ್ದ ಊರಿನಿಂದಲೇ ಒಂದು ಕಥೆ ನೆನಪಿಸುತ್ತೇನೆ. ಬೇಲೂರಿಗೆ ಹೋದವರೆಲ್ಲ ಗೈಡುಗಳ ಬಾಯಲ್ಲಿ ಕೇಳುವುದು ಜಕಣಾಚಾರಿ ಕಥೆ. ಶಾಸನಗಳಲ್ಲಿ ಆ ಹೆಸರಿಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಹೋದವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ಎಂದು ನೀವೇ ನನ್ನನ್ನು ತಿದ್ದುತ್ತೀರಿ. ಇರಲಿ, ಜನ ನಂಬುವ ಕಥೆ ಏನು? ಬಸುರಿ ಹೆಂಡತಿಯನ್ನು ಕೈದಾಳದಲ್ಲಿ ಬಿಟ್ಟು ಶಿಲ್ಪಿ ಹೊರಟುಹೋಗುತ್ತಾನೆ. ಕಲೆಯ ಗುಂಗಿನಲ್ಲಿ ಮನೆಯೇ ಮರೆಯುತ್ತದೆ. ಮಗ ಡಂಕಣ ಬೆಳೆದು ಅಪ್ಪನನ್ನು ಹುಡುಕಿಕೊಂಡು ಬಂದು, ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ತೋರಿಸುತ್ತಾನೆ. ಕಲ್ಲಿನೊಳಗಿಂದ ಕಪ್ಪೆ ಹೊರಬರುತ್ತದೆ, ಪಂಥ ಕಟ್ಟಿದ್ದ ಅಪ್ಪ ಕೈ ಕತ್ತರಿಸಿಕೊಳ್ಳುತ್ತಾನೆ, ಆಮೇಲೆ ದೇವರ ದಯೆಯಿಂದ ಆ ಕೈಯೂ ವಾಪಸ್ ಬರುತ್ತದೆ. ಇದೇ ಕಥೆ 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಎಂದು ಬಣ್ಣದ ಸಿನಿಮಾ ಆಯಿತು. ಹಳೇ ಬದುಕಿಗಾಗಿ ಮಗುವನ್ನು ಬಿಟ್ಟುಕೊಡುವ ವ್ಯವಹಾರ ಇದಲ್ಲದೆ ಮತ್ತೇನು? ಅವನು ಮನಸ್ಸಿನಲ್ಲಿ ‘ಆಗಲಿ’ ಎಂದು ಸುಮ್ಮನಾದವನಲ್ಲ, ನಿಜವಾಗಿ ಬಿಟ್ಟುಹೋದವನು. ನಾವು ಅವನಿಗೆ ಅಮರಶಿಲ್ಪಿ ಎಂದೆವು. ಮಗನನ್ನು ಒಬ್ಬಳೇ ಸಾಕಿದವಳಿಗೆ ಕಥೆಯಲ್ಲಿ ಎಷ್ಟು ಜಾಗವಿದೆ ಎಂದು ಯಾವತ್ತಾದರೂ ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ನೀವು ನಡುರಾತ್ರಿ ಒಂದು ಕ್ಷಣ ಯೋಚಿಸಿದ್ದಕ್ಕೆ ಬೆಟ್ಟ ಹತ್ತಲು ಹೊರಟಿದ್ದೀರಿ.

ಬೆಟ್ಟ ಹತ್ತಬೇಡಿ ಎನ್ನುತ್ತಿಲ್ಲ. ಮಾಲೇಕಲ್ಲಿನ ಗಾಳಿ ಒಳ್ಳೆಯದು, ದೇವರು ಒಳ್ಳೆಯವನು. ಆದರೆ ಹಾಲೂಡಿಸುವವರು ಉಪವಾಸವಿದ್ದು, ನಿದ್ದೆಗೆಟ್ಟು, ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತುವುದು ನನಗೆ ಸರಿ ಕಾಣದು. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್. ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ, ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದೂ ಉಂಟು. ಎರಡೂ ಮನಸ್ಸನ್ನು ಕುಗ್ಗಿಸುತ್ತವೆ. ಹರಕೆ ತೀರಿಸಲು ಆಮೇಲೆ ಯಜಮಾನರ ಜೊತೆ, ಹೊಟ್ಟೆ ತುಂಬ ತಿಂದು, ಮಗಳನ್ನು ಅವರ ಹೆಗಲಿಗೆ ಕೊಟ್ಟು ಹೋಗಿ. ತಾಯತ ಇದ್ದರೆ ಇರಲಿ, ಅದಕ್ಕಾಗಿ ಅತ್ತೆಯ ಜೊತೆ ಜಗಳ ಬೇಡ. ಅವರಿಗೆ ಏನೋ ಆಗಿದೆ ಎಂದು ಗೊತ್ತಾಯಿತು, ಅವರಿಗೆ ತಿಳಿದದ್ದನ್ನು ಮಾಡಿದರು. ‘ನಿನಗೇನು ಕಡಿಮೆ’ ಎಂದವರಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ.

ಆಸ್ಪತ್ರೆಗೆ ಹಾಸನದ ತನಕ ಹೋಗಲೇಬೇಕೆಂದಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ಏರ್ಪಾಡಿದೆ. ಯಾವ ಮಂಗಳವಾರ ಅರಸೀಕೆರೆಗೆ ಬರುತ್ತಾರೆ ಎಂದು ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ತಡವಾಗುವ ಹಾಗಿದ್ದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ.

ರಾತ್ರಿಗಳ ಬಗ್ಗೆ ಒಂದು ಉಪಾಯ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಬಾಗಿಲ ಮೇಲೆಲ್ಲ ‘ನಾಳೆ ಬಾ’ ಎಂದು ಬರೆದಿದ್ದರು, ನೀವು ಚಿಕ್ಕವರಿದ್ದಿರಿ, ನಿಮ್ಮ ತಾಯಿಗೆ ನೆನಪಿರುತ್ತದೆ. ಮನೆಯವರದೇ ದನಿಯಲ್ಲಿ ಕೂಗುವ ದೆವ್ವ ಬಾಗಿಲಿಗೆ ಬಂದು, ಓದಿಕೊಂಡು, ಹಿಂದಿರುಗುತ್ತದಂತೆ. ಯಾರ ಐಡಿಯಾವೋ ಏನೋ, ಮನೋವೈದ್ಯಕ್ಕೆ ಬಹಳ ಹತ್ತಿರದ್ದು. ನಡುರಾತ್ರಿ ‘ನೀನು ಆಗಲಿ ಅಂದೆಯಲ್ಲ’ ಎಂದು ಆ ಮುದುಕಿ ಬಂದರೆ ಅವಳ ಜೊತೆ ವಾದಕ್ಕೆ ಕೂರಬೇಡಿ, ಓಡಿಸಲೂ ಹೋಗಬೇಡಿ. ನಾಳೆ ಸಂಜೆ ಐದಕ್ಕೆ ಬಾ ಎಂದು ಕಳಿಸಿ. ಸಂಜೆ ಐದಕ್ಕೆ ಹಿತ್ತಲಲ್ಲಿ ಕೂತು ಒಂದು ನೋಟ್ ಪುಸ್ತಕದಲ್ಲಿ ಹದಿನೈದು ನಿಮಿಷ ಅವಳು ಹೇಳಿದ್ದನ್ನೆಲ್ಲ ಬರೆಯಿರಿ. ಹಗಲ ಬೆಳಕಿನಲ್ಲಿ ಅವಳಿಗೆ ಅಷ್ಟು ಮಾತು ಬರುವುದಿಲ್ಲ ಎಂಬುದು ನನ್ನ ಅನುಭವ. ನಡುರಾತ್ರಿ ಹಾಲು ಕುಡಿಸುವಾಗ ಫೋನು ಬೇರೆ ಕೋಣೆಯಲ್ಲಿರಲಿ.

ಯಜಮಾನರಿಗೆ ಸಿನಿಮಾದಿಂದ ಶುರು ಮಾಡಬೇಡಿ, ಮಾತು ಸಿನಿಮಾದಲ್ಲೇ ಮುಗಿಯುತ್ತದೆ. ಊಟವಾದ ಮೇಲೆ, ಅವರು ಲೆಕ್ಕದ ಪುಸ್ತಕ ತೆಗೆಯುವ ಮುಂಚೆ ಹೀಗೆ ಹೇಳಿ: ‘ಒಂದು ತಿಂಗಳಿಂದ ನನಗೆ ನಿದ್ದೆ ಇಲ್ಲ. ಕೆಟ್ಟ ಯೋಚನೆ ಬರ್ತಿದೆ, ನನಗೇ ಭಯ ಆಗ್ತಿದೆ. ಮಂಗಳವಾರ ಆಸ್ಪತ್ರೆಗೆ ಹೋಗೋಣ, ನೀವೂ ಬರ್ಬೇಕು.’ ಅವರು ಮತ್ತೆ ‘ನಿನಗೇನು ಕಡಿಮೆ’ ಎಂದರೆ ಬೇಜಾರು ಬೇಡ, ಅದನ್ನು ಪ್ರಶ್ನೆಯಾಗಿಯೇ ತೆಗೆದುಕೊಂಡು ಉತ್ತರ ಕೊಡಿ. ರಾತ್ರಿ ಐದು ಗಂಟೆ ಒಟ್ಟಿಗೆ ನಿದ್ದೆ ಕಡಿಮೆ. ನನ್ನದೇ ಸಂಬಳ ಕಡಿಮೆ. ಮಗುವಿನ ಬಗ್ಗೆಯಲ್ಲದೆ ಬೇರೆ ಮಾತಾಡುವ ಜನ ಕಡಿಮೆ. ಹತ್ತು ತಿಂಗಳ ಮಗು ರಾಗಿ ಸರಿ ತಿನ್ನುತ್ತದೆ, ರಾತ್ರಿ ಎದ್ದಾಗಲೆಲ್ಲ ಹಾಲೇ ಬೇಕೆಂದಿಲ್ಲ. ವಾರದಲ್ಲಿ ಮೂರು ರಾತ್ರಿ ಮಗು ಎದ್ದರೆ ಅವರೇ ಎತ್ತಿಕೊಂಡು ಓಡಾಡಲಿ, ಅಂಗಡಿ ಅರ್ಧ ಗಂಟೆ ತಡವಾಗಿ ತೆಗೆದರೆ ಕೊಬ್ಬರಿ ರೇಟೇನೂ ಬೀಳುವುದಿಲ್ಲ.

ಕೆಲಸದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿದ್ದೆ ಸರಿಹೋದ ಮೇಲಷ್ಟೇ ಇದು, ಅಲ್ಲಿಯವರೆಗೆ ದೊಡ್ಡ ನಿರ್ಧಾರ ಬೇಡ. ನಕ್ಷೆ ತೆಗೆದು ನೋಡಿ. ಅರಸೀಕೆರೆಯಿಂದ ಜಾವಗಲ್ ಮೇಲೆ ಬೇಲೂರಿಗೆ ಹೋಗುವ ದಾರಿಯಲ್ಲೇ ನಿಮ್ಮ ತವರಿದೆ. ಹಳೇಬೀಡಿನಲ್ಲಿ ಮಗಳನ್ನು ಅಜ್ಜಿ ಕೈಗೆ ಕೊಟ್ಟರೆ ಅಲ್ಲಿಂದ ಬೇಲೂರು ಹದಿನಾರು ಕಿಲೋಮೀಟರ್. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ನಿಮಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಅತಿಥಿ ಉಪನ್ಯಾಸಕರಿಗೆ ವಾರವಿಡೀ ಕ್ಲಾಸಿರುವುದಿಲ್ಲ ಎಂಬುದು ನಿಮಗೇ ಗೊತ್ತು. ಪಾಠವಿರುವ ದಿನಗಳ ಮಧ್ಯೆ ಒಂದೆರಡು ರಾತ್ರಿ ತವರಲ್ಲೇ ಉಳಿಯಬಹುದು. ಸಂಬಳ ಕಡಿಮೆ, ಕಾಯಂ ಅಲ್ಲ, ಎಲ್ಲಾ ನಿಜ. ನಿಮ್ಮ ತಾಯಿಗೂ ವಯಸ್ಸಾಗಿದೆ, ಒಪ್ಪುತ್ತಾರೋ ಇಲ್ಲವೋ, ಮೊದಲು ಅವರನ್ನು ಕೇಳಬೇಕು. ನಿಮ್ಮನ್ನು ಯಾರೂ ಕೇಳದೆ ಆದದ್ದು ಅವರಿಗೂ ಆಗಬಾರದು.

ಇಷ್ಟೆಲ್ಲ ಆದ ಮೇಲೂ, ಚೆನ್ನಾಗಿ ನಿದ್ದೆಯಾಗಿ, ರಕ್ತ ಸರಿಯಾಗಿ, ಕ್ಲಾಸಿಗೆ ಹೋಗಿ ಬಂದ ಮೇಲೂ, ತಾಯಿಯಾಗಿದ್ದು ನನಗೆ ಹೊಂದಲಿಲ್ಲ ಎಂಬ ಭಾವ ಉಳಿಯಬಹುದು. ಬಹಳ ಮಂದಿಗೆ ಇಳಿಯುತ್ತದೆ, ಕೆಲವರಿಗೆ ಇಳಿಯುವುದಿಲ್ಲ. ಉಳಿದರೆ ಅದರ ಜೊತೆ ಬದುಕುವುದನ್ನು ಕಲಿಯಬಹುದು. ಮಗಳನ್ನು ಚೆನ್ನಾಗಿ ಬೆಳೆಸುವುದಕ್ಕೆ ಅದು ಅಡ್ಡ ಬರಬೇಕಿಲ್ಲ. ಎರಡನೇ ಮಗುವಿನ ಮಾತು ಮನೆಯಲ್ಲಿ ಎದ್ದರೆ ಮಾತ್ರ ಈ ಭಾವವನ್ನು ಬಾಯಿಬಿಟ್ಟು ಹೇಳಲೇಬೇಕು. ಹತ್ತು ತಿಂಗಳಾಯಿತು ಎಂದಿದ್ದೀರಿ, ಆ ಮಾತು ದೂರವಿಲ್ಲ. ಕಾಪರ್-ಟಿಯೋ ಇನ್ನೊಂದೋ, ಅದೇ ಆಸ್ಪತ್ರೆಯಲ್ಲಿ ಕೇಳಿಕೊಂಡು ಬನ್ನಿ. ಎರಡನೆಯದು ಬೇಕೋ ಬೇಡವೋ ಎಂಬುದಕ್ಕೆ ಈ ಸಲ ನಿಮ್ಮ ಉತ್ತರ ಮೊದಲು ಬರಲಿ.

ಮಂಗಳವಾರ ಏನಾಯಿತು, ಯಜಮಾನರು ಜೊತೆಗೆ ಬಂದರಾ, ರಕ್ತದ ರಿಪೋರ್ಟು ಏನು ಹೇಳಿತು, ಬರೆದು ತಿಳಿಸಿ. ಹೆಸರು ಆಗಲೂ ಹಾಕುವುದಿಲ್ಲ.